ಗುಮ್ಮಟದ ನೆರಳಿನಿಂದ ಊರೊಳಗೆ

ವಿಜಯಪುರದ ನಿಲ್ದಾಣದಲ್ಲಿ ಇಳಿದವರ ಕಣ್ಣನ್ನು ಮೊದಲು ತುಂಬುವುದು ಗೋಳಗುಮ್ಮಟ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಹನ ಆ ಸಮಾಧಿಯೊಳಗೆ ಆಡಿದ ಮಾತು ಹಲವು ಬಾರಿ ಮರುದನಿಗೊಟ್ಟು ಅಡಗುತ್ತದೆ. ಅಡಗಿಹೋಗಲಿದ್ದ ಮಾತುಗಳನ್ನು ಉಳಿಸಿಕೊಟ್ಟ ಮಹನೀಯರೊಬ್ಬರೂ ಇದೇ ಊರಿನಲ್ಲಿದ್ದರು. ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ವಚನಗಳ ತಾಳೆಗರಿಗಳನ್ನು ಅಲೆದಲೆದು ಕೂಡಿಸಿದರು. ಇದ್ದ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದರು. 1964ರಲ್ಲಿ ಇಲ್ಲಿಯೇ ಕಣ್ಮುಚ್ಚಿದರು.

ಆದುದರಿಂದ ವಾಚಕರೇ, ಗುಮ್ಮಟವನ್ನಷ್ಟೇ ನೋಡಿ ಮರಳಬೇಡಿರಿ. ಊರು ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು, ಹಳಕಟ್ಟಿಯವರ ಕಥೆ ಕೇಳುತ್ತ, ಸ್ಟೇಷನ್ ರಸ್ತೆಯಗುಂಟ ನಡೆಯಿರಿ. ಹಸಿವಾದಾಗ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಉಣ್ಣಿರಿ. ಬಿಸಿಲಿಗೆ ಮಜ್ಜಿಗೆ ಕುಡಿಯಿರಿ. ಆ ಮನೆ ಮಾರಿದವರ ಋಣ, ಊರಿಗೆ ಮರಳಿ ಮಕ್ಕಳೊಡನೆ ವಚನವೊಂದನ್ನು ಓದಿದಾಗ ತುಸುವಾದರೂ ತೀರೀತು.