ಖಾಲಿ ಬಾಟಲಿಗೆ ಹತ್ತು ರೂಪಾಯಿ

ಊಟಿಗೆ ಹೋಗೋ ದಾರಿಯಲ್ಲಿ ಗುಂಡ್ಲುಪೇಟೆ ಸಿಗುತ್ತಲ್ಲ, ಅದೇ ನಮ್ಮೂರು. ಬಂಡೀಪುರ ದಾಟಿದರೆ ನೀಲಗಿರಿ ಜಿಲ್ಲೆ. ಅಲ್ಲಿ 2022ರಿಂದ ಒಂದು ನಿಯಮ ಇದೆ. ಸರ್ಕಾರಿ ಮದ್ಯದಂಗಡಿಯಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ತಗೊಳ್ತಾರೆ, ಖಾಲಿ ಬಾಟಲಿ ತಂದುಕೊಟ್ಟರೆ ಆ ಹತ್ತು ರೂಪಾಯಿ ವಾಪಸ್. ಕಾಡಲ್ಲಿ ಎಸೆದ ಬಾಟಲಿಗಳ ಗಾಜು ಆನೆಗಳ ಕಾಲಿಗೆ ಚುಚ್ಚುತ್ತಿತ್ತು. ಮದ್ರಾಸ್ ಹೈಕೋರ್ಟ್ ಪಟ್ಟು ಹಿಡಿದ ಮೇಲೆ ಈ ಯೋಜನೆ ಬಂತು.

"ಕುಡಿದವನು ಬಾಟಲಿ ವಾಪಸ್ ತರ್ತಾನಾ?" ಅಂತ ನೀವು ಕೇಳಬಹುದು. ಅವನು ತರದಿದ್ದರೆ ಇನ್ಯಾರೋ ಆಯ್ದು ತರ್ತಾರೆ. ಬೆಲೆ ಬಂದ ಕೂಡಲೇ ಅದು ಕಸ ಅಲ್ಲ, ದುಡ್ಡು.

ಅಮೆರಿಕದ ಆರೆಗನ್ ರಾಜ್ಯ ಇಂಥ ಕಾನೂನು ಮಾಡಿದ್ದು 1971ರಲ್ಲಿ. ಡೆಪಾಸಿಟ್ 5 ಸೆಂಟ್. ಅದಕ್ಕೆ ಆಮೇಲೆ ಸೇರಿಸಿದ ಒಂದು ಷರತ್ತು ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಪಾಠದ ಥರಾನೇ ಇದೆ: ಸತತ ಎರಡು ವರ್ಷ ವಾಪಸಾತಿ ಶೇ. 64ಕ್ಕಿಂತ ಕೆಳಗಿಳಿದರೆ ಡೆಪಾಸಿಟ್ 10 ಸೆಂಟ್ ಆಗಬೇಕು. 2017ರಲ್ಲಿ ಹಾಗೇ ಆಯ್ತು. ಆಮೇಲೆ ವಾಪಸಾತಿ ಶೇ. 80 ದಾಟಿತು.

ಜನರ ಅಭಿಪ್ರಾಯ ಮಾತ್ರ ಇಷ್ಟು ಸರಳ ಅಲ್ಲ. ಮಿಶಿಗನ್‌ನಲ್ಲಿ 1976ರಲ್ಲಿ ಜನರೇ ಮತ ಹಾಕಿ ಈ ಕಾನೂನು ತಂದುಕೊಂಡರು. ಮ್ಯಾಸಚೂಸೆಟ್ಸ್‌ನಲ್ಲಿ ಸೋಡಾ, ಬಿಯರ್‌ಗೆ ಇದ್ದ ಡೆಪಾಸಿಟ್ಟನ್ನು ನೀರಿನ ಬಾಟಲಿಗೂ ವಿಸ್ತರಿಸೋಣವಾ ಅಂತ 2014ರಲ್ಲಿ ಕೇಳಿದಾಗ ಸುಮಾರು ಶೇ. 73 ಮಂದಿ ಬೇಡ ಅಂದರು. ಪಾನೀಯ ಕಂಪನಿಗಳು ವಿರೋಧಕ್ಕೆ ಧಾರಾಳವಾಗಿ ದುಡ್ಡು ಸುರಿದಿದ್ದವು, ನಿಜ. ಆದರೆ ಮನೆ ಬಾಗಿಲಿಗೇ ಮರುಬಳಕೆ ಗಾಡಿ ಬರುವಾಗ ಬಾಟಲಿ ಹೊತ್ತು ಅಂಗಡಿಗೆ ಯಾಕೆ ಹೋಗಬೇಕು ಅನ್ನೋದೂ ನ್ಯಾಯವಾದ ಪ್ರಶ್ನೆಯೇ.

ಇದಕ್ಕಿಂತ ಖಾರವಾದ ಪ್ರಶ್ನೆ ನಮ್ಮ ಅಪ್ಪನದು. ಅವರದು ಹೈವೇ ಪಕ್ಕ ಎಂಟಡಿ ಅಗಲದ ಪೆಟ್ಟಿಗೆ ಅಂಗಡಿ. ಬೇಸಿಗೆಯಲ್ಲಿ ನೀರು, ಜ್ಯೂಸ್ ಮಾರಾಟವೇ ನನ್ನ ಫೀಸು. "ನಿಂಗೇನ್ಲಾ, ಹಾಸ್ಟೆಲ್‌ನಲ್ಲಿ ಕೂತ್ಕೊಂಡು ಹೇಳ್ತೀಯ. ವಾಪಸ್ ಬಂದ ಬಾಟ್ಲಿನೆಲ್ಲಾ ನನ್ ತಲೆ ಮೇಲೆ ಇಟ್ಕೊಳ್ಳಾ? ಚಿಲ್ಲರೆ ಯಾರು ಕೊಡ್ತಾರೆ?" ತಮಿಳುನಾಡಿನ ಮದ್ಯದಂಗಡಿ ನೌಕರರು ಪ್ರತಿಭಟನೆ ಮಾಡಿದ್ದೂ ಇದೇ ಕಾರಣಕ್ಕೆ: ಜಾಗ ಇಲ್ಲ, ಕೆಲಸ ಜಾಸ್ತಿ.

ಅಪ್ಪನನ್ನ ಪರಿಸರ ವಿರೋಧಿ ಅನ್ನೋಕಾಗುತ್ತಾ? ನನ್ನಿಂದಾಗಲ್ಲ. ಉತ್ತರಗಳೂ ಇವೆ. ಜರ್ಮನಿಯಲ್ಲಿ 200 ಚದರ ಮೀಟರ್‌ಗಿಂತ ಚಿಕ್ಕ ಅಂಗಡಿಗಳು ತಾವು ಮಾರೋ ಬ್ರಾಂಡುಗಳನ್ನ ಮಾತ್ರ ವಾಪಸ್ ತಗೊಂಡರೆ ಸಾಕು. ನ್ಯೂಯಾರ್ಕ್‌ನಲ್ಲಿ ವಾಪಸ್ ತಗೊಂಡ ಪ್ರತಿ ಬಾಟಲಿಗೆ ಅಂಗಡಿಯವನಿಗೆ 3.5 ಸೆಂಟ್ ಕೂಲಿ ಸಿಗುತ್ತೆ, ಅದನ್ನ ಕೊಡೋದು ಪಾನೀಯದವರು. ಇದನ್ನ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾಟ್ಲಿಗೆ ಒಂದ್ರೂಪಾಯಿ ಕೊಟ್ರೆ ಹಿಂದ್ಗಡೆ ಒಂದು ಶೀಟು ಹಾಕಿಸ್ಬೋದು" ಅಂದರು.

ಹಾಗಾಗಿ ನನ್ನ ಮಾತು ಇಷ್ಟೇ. ಈ ಕಾನೂನು ನಮ್ಮಲ್ಲೂ ಬರಬೇಕು. ಆದರೆ ಅದನ್ನ ಬರೆಯೋವಾಗ ಕುಡಿಯೋನ ಹತ್ತು ರೂಪಾಯಿ ಜೊತೆ ಅಂಗಡಿಯವನ ಒಂದು ರೂಪಾಯಿಯನ್ನೂ ಲೆಕ್ಕಕ್ಕೆ ತಗೋಬೇಕು. ಮುಂದಿನ ಫೆಸ್ಟ್‌ನ ಸ್ಟಾಲ್‌ಗಳಲ್ಲಿ ನಾವೇ ಒಂದು ಸಲ ಮಾಡಿ ನೋಡಬಹುದು. ಸ್ಟಾಲ್ ಇಡೋ ಅಣ್ಣಂದಿರನ್ನ ಮೊದಲು ಕೇಳೋಣ, ಪೋಸ್ಟರ್ ಆಮೇಲೆ ಅಂಟಿಸೋಣ.