ಒಂದಕ್ಕೆ ಎರಡು ಕೂಡಿಸಲು ಹೊರಟು

ಒಂದಕ್ಕೆ ಎರಡು ಕೂಡಿಸಿದರೆ ಮೂರು. ಈ ಲೆಕ್ಕವನ್ನು ಲಿನಕ್ಸ್ ಟರ್ಮಿನಲ್‌ನಿಂದ ಇಮ್ಯಾಕ್ಸ್‌ಗೆ ಕಳಿಸಿ, ಅದು ಹೋಗಿಬರುವ ದಾರಿಯುದ್ದಕ್ಕೂ ನಾನೂ ಬೆನ್ನು ಹತ್ತಿದೆ. ಕುರ್ಚಿ ಬಿಟ್ಟು ಏಳಲಿಲ್ಲ. ಆದರೂ ಇದನ್ನು ಪ್ರವಾಸವೆಂದೇ ಕರೆಯುತ್ತೇನೆ. ಮಾರ್ಗದರ್ಶಿಯಾಗಿ ಬಂದದ್ದು ಎಸ್‌ಟ್ರೇಸ್. ಪ್ರೋಗ್ರಾಂ ಒಂದು ಕರ್ನಲ್‌ಗೆ ಸಲ್ಲಿಸುವ ಪ್ರತಿ ಕೋರಿಕೆಯನ್ನೂ ಅದು ಸಾಲು ಬಿಡದೆ ಬರೆದು ತೋರಿಸುತ್ತದೆ.

ಕಮಾಂಡ್ ಲೈನ್‌ನ ಲೋಕದಲ್ಲಿ ಆಯುಸ್ಸು ಬಲು ಕಡಿಮೆ. ಪೈಥಾನ್‌ಗೋ ಪರ್ಲ್‌ಗೋ ಒಂದು ಆಜ್ಞೆ ಕೊಟ್ಟರೆ ಇಂಟರ್ಪ್ರಿಟರ್ ಹೊಸದಾಗಿ ಹುಟ್ಟುತ್ತದೆ, ಬೇಕಾದ ಲೈಬ್ರರಿಗಳನ್ನು ಎಳೆದುಕೊಳ್ಳುತ್ತದೆ, ಎರಡು ಸಾಲಿನ ಕೆಲಸ ಮುಗಿಸಿ ಸಾಯುತ್ತದೆ. ನೆನಪಿನಲ್ಲಿದ್ದುದೂ ಅದರ ಜೊತೆಗೇ ಹೋಗುತ್ತದೆ. ಮರುಕ್ಷಣ ಅದೇ ಆಜ್ಞೆ ಕೊಡಿ, ಮತ್ತೆ ಮೊದಲಿನಿಂದ.

ಇಮ್ಯಾಕ್ಸ್‌ನ ಊರಿನಲ್ಲಿ ಹಾಗಲ್ಲ. 1976ರಲ್ಲಿ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಹುಟ್ಟಿದ ಹೆಸರು ಅದು. ರಿಚರ್ಡ್ ಸ್ಟಾಲ್ಮನ್ ಕೈಯಲ್ಲಿ 1985ರಲ್ಲಿ ಗ್ನೂ ಇಮ್ಯಾಕ್ಸ್ ಆಗಿ ಹೊರಬಂತು. ಹೊರನೋಟಕ್ಕೆ ಬರೆಯುವ ತಿದ್ದುವ ತಂತ್ರಾಂಶ, ಒಳಹೊಕ್ಕರೆ ಲಿಸ್ಪ್ ಭಾಷೆಯ ಇಂಟರ್ಪ್ರಿಟರ್. 2009ರ 23ನೇ ಆವೃತ್ತಿಯಿಂದ ಅದನ್ನು ಕಿಟಕಿಯೇ ಇಲ್ಲದೆ, ಡೀಮನ್ ಆಗಿ ಹಿನ್ನೆಲೆಯಲ್ಲಿ ಕೂರಿಸಬಹುದು. ಲಿಸ್ಪ್ ಕಡತಗಳನ್ನೆಲ್ಲ ಒಮ್ಮೆ ಓದಿಕೊಂಡು ಅದು ಕಾಯುತ್ತ ಕೂರುತ್ತದೆ. ಅದರ ಬಾಗಿಲು ತಟ್ಟುವ ದೂತನ ಹೆಸರು ಇಮ್ಯಾಕ್ಸ್‌ಕ್ಲೈಂಟ್. ಅವನಿಗೆ ಲಿಸ್ಪ್ ಒಂದಕ್ಷರ ಬಾರದು! ಕೊಟ್ಟದ್ದನ್ನು ಒಯ್ಯುವುದು, ಉತ್ತರ ತರುವುದು, ಅಷ್ಟೇ ಅವನ ಕೆಲಸ.

ಹೊರಟೆವು. ಮೊದಲ ಕೆಲವು ಸಾಲುಗಳು ಊರ ಗಡಿ ದಾಟುವ ಗಲಾಟೆ: ಸಿ ಲೈಬ್ರರಿ ತೆರೆಯುವುದು, ಇತ್ಯಾದಿ. ಆಮೇಲೆ ಕಾಣಿಸಿತು ಬಾಗಿಲು, ‘/ರನ್/ಯೂಸರ್/1000/ಇಮ್ಯಾಕ್ಸ್/ಸರ್ವರ್’. ಪಟ್ಟಿಯಲ್ಲಿ ನೋಡಿದರೆ ಕಡತದಂತಿದೆ, ಓದಲು ಹೋದರೆ ತೆರೆದುಕೊಳ್ಳುವುದೇ ಇಲ್ಲ. ಅದು ಯುನಿಕ್ಸ್ ಸಾಕೆಟ್, ಒಂದೇ ಯಂತ್ರದ ಎರಡು ಪ್ರೊಸೆಸ್‌ಗಳು ಮಾತಾಡಿಕೊಳ್ಳುವ ಸಂದು.

ಬಾಗಿಲಲ್ಲಿ ದೂತ ಮೊದಲು ಒಪ್ಪಿಸಿದ್ದು ಲೆಕ್ಕವನ್ನಲ್ಲ, ತಾನು ಯಾವ ಡೈರೆಕ್ಟರಿಯಿಂದ ಬಂದೆ ಎಂಬುದನ್ನು. ನಮ್ಮ ಕಡೆ ಹೊಸಬರ ಹೆಸರಿಗಿಂತ ಮುಂಚೆ ‘ಯಾವೂರಾತು ನಿಮ್ಮದು?’ ಎಂದು ಕೇಳುವ ಹಾಗೆ. ಆಮೇಲೆ ಲೆಕ್ಕ. ಆದರೆ ಅದರ ವೇಷವೇ ಬದಲಾಗಿತ್ತು! ನಾನು ಕೊಟ್ಟದ್ದು (+ 1 2); ದಾರಿಯಲ್ಲಿ ಕಂಡದ್ದು (+&_1&_2). ಈ ಸಂದಿನಲ್ಲಿ ಖಾಲಿ ಜಾಗ ಬಂತೆಂದರೆ ಒಂದು ಪದ ಮುಗಿದಂತೆ. ಅದಕ್ಕೇ ಲೆಕ್ಕದೊಳಗಿನ ಖಾಲಿ ಜಾಗಗಳು &_ ಎಂಬ ಮುಸುಕು ಹಾಕಿಕೊಂಡು ದಾಟುತ್ತವೆ, ಆಚೆ ದಡದಲ್ಲಿ ಕಳಚುತ್ತವೆ. & ಗುರುತೇ ದಾಟಬೇಕಾಗಿ ಬಂದರೆ? ಜೋಡಿಯಾಗಿ, && ಎಂದು. ಇಷ್ಟು ಸರಳ ಉಪಾಯ ಕಂಡು ನಾನು ಒಬ್ಬನೇ ನಕ್ಕೆ.

ಸರ್ವರ್ ಮೊದಲು ತನ್ನ ಪ್ರೊಸೆಸ್ ಸಂಖ್ಯೆ ಹೇಳಿತು, ಬಳಿಕ 3 ಎಂದಿತು. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿತ್ತು.

ಎರಡನೇ ಪಯಣದಲ್ಲಿ ‘ನಮಸ್ಕಾರ’ ಕಳಿಸಿದೆ. ಎಸ್‌ಟ್ರೇಸ್ ಅದನ್ನು ಬರೀ ಅಂಕಿಗಳಾಗಿ ತೋರಿಸಿತು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್; ಒತ್ತಕ್ಷರದ ವಿರಾಮ, ದೀರ್ಘ ಎಲ್ಲ ಸೇರಿ ಏಳು ಸಂಕೇತ, 21 ಬೈಟ್. ಆಚೆಗೆ ನಮ್ಮ ನುಡಿ ಅಪರಿಚಿತವೇನಲ್ಲ: ಇಮ್ಯಾಕ್ಸ್‌ನೊಂದಿಗೇ ಬರುವ ‘ಹಲೋ’ ಎಂಬ ಕಡತದಲ್ಲಿ ಲೋಕದ ಹಲವು ಭಾಷೆಗಳ ಕುಶಲೋಕ್ತಿಗಳ ನಡುವೆ ಕನ್ನಡದ ನಮಸ್ಕಾರವೂ ಇದೆ.

ನನ್ನನ್ನು ನಿಜಕ್ಕೂ ಬೆರಗಾಗಿಸಿದ್ದು ಇದಾದ ಮೇಲಿನದು. ‘ಊರು’ ಎಂಬ ಚರಕ್ಕೆ ‘ಧಾರವಾಡ’ ಎಂಬ ಬೆಲೆ ಕೊಟ್ಟೆ. ಹೌದು, ಲಿಸ್ಪ್‌ನ ಹೆಸರನ್ನು ಕನ್ನಡದಲ್ಲೇ ಇಡಬಹುದು. ದೂತ ಉತ್ತರ ಒಪ್ಪಿಸಿ ಸತ್ತ. ಆ ಟರ್ಮಿನಲ್ಲನ್ನೂ ಮುಚ್ಚಿದೆ. ಬೇರೊಂದು ಟರ್ಮಿನಲ್ ತೆರೆದು, ಬೇರೆಯೇ ದೂತನ ಕೈಲಿ ‘ಊರು’ ಎಂದಷ್ಟೇ ಬರೆದು ಕಳಿಸಿದೆ. ‘ಧಾರವಾಡ’ ಎಂದು ಉತ್ತರ ಬಂತು. ಹೋಗಿಬರುವವರು ಸಾಯುತ್ತಿರುತ್ತಾರೆ, ಆಚೆಯವನಿಗೆ ಮಾತ್ರ ಎಲ್ಲ ನೆನಪಿರುತ್ತದೆ! ವೇಗಕ್ಕಾಗಿ ಇಂಥ ಸರ್ವರ್ ಬೇಕೆಂದು ಜನ ಹೇಳುವುದುಂಟು. ನನಗೆ ಮಾತ್ರ ಈ ನೆನಪಿನ ಮುಂದೆ ವೇಗ ಸಣ್ಣದೆನಿಸಿತು.

ಆ ನೆನಪೇ ಕೈಕೊಡುವುದೂ ಉಂಟು. ಎಂದೋ ಇಟ್ಟ ಚರವೊಂದರ ಬಲದ ಮೇಲೆ ಓಡುತ್ತಿದ್ದ ಸ್ಕ್ರಿಪ್ಟು, ಸರ್ವರ್ ಮತ್ತೆ ಹುಟ್ಟಿದ ದಿನ ‘ಈ ಹೆಸರಿಗೆ ಬೆಲೆಯಿಲ್ಲ’ ಎಂದು ಮುಗ್ಗರಿಸುತ್ತದೆ. ಹಾಗಾಗಿ ಬರೆದದ್ದನ್ನು ಆಗಾಗ ಹೊಸ ಇಂಟರ್ಪ್ರಿಟರ್‌ನಲ್ಲೂ ಓಡಿಸಿ ನೋಡಬೇಕು. ಇನ್ನೊಂದು ತೊಡಕು, ಆ ಮನೆಯಲ್ಲಿ ಲೆಕ್ಕ ಮಾಡುವವನು ಒಬ್ಬನೇ. ಒಂದು ಟರ್ಮಿನಲ್‌ನಿಂದ ಉದ್ದನೆಯ ಆವರ್ತನೆ ಕೊಟ್ಟು, ಇನ್ನೊಂದರಿಂದ ಒಂದಕ್ಕೆ ಎರಡು ಕೂಡಿಸಲು ಹೇಳಿದರೆ ಆ ಪುಟ್ಟ ಲೆಕ್ಕ ಬಾಗಿಲಲ್ಲೇ ಕಾಯುತ್ತದೆ.

ಮುಂದಿನ ಪಯಣ ಟಿಸಿಪಿ ದಾರಿಯಲ್ಲಿ, ಬೇರೆ ಯಂತ್ರಕ್ಕೆ. ಅಲ್ಲಿ ಡೈರೆಕ್ಟರಿಯ ಅನುಮತಿಗಳು ಬಾಗಿಲು ಕಾಯುವುದಿಲ್ಲ, 64 ಅಕ್ಷರಗಳ ಗುಟ್ಟಿನ ಕೀಲಿ ತೋರಿಸಬೇಕು. ಆ ಕೀಲಿ ಸಿಕ್ಕವನು ನನ್ನ ಹೆಸರಿನಲ್ಲಿ ಯಾವ ಕಡತವನ್ನಾದರೂ ಅಳಿಸಬಲ್ಲ. ಮೇಲಾಗಿ ಆ ಮಾತುಕತೆಗೆ ಗೂಢಲಿಪೀಕರಣವೂ ಇಲ್ಲ. ಎಸ್‌ಎಸ್‌ಎಚ್ ಸುರಂಗದೊಳಗಿಂದಲ್ಲದೆ ಆ ಕಡೆ ಹೊರಡುವುದಿಲ್ಲ.