ನಮ್ಮಜ್ಜನ ಶಾಸಕರು

2024ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಮಹಾರಾಷ್ಟ್ರದ ವಿಧಾನಸಭೆಗೆ ಚುನಾವಣೆ ನಡೆದುದು ನಿಮಗೆಲ್ಲ ನೆನಪಿರಬಹುದು. ನಮ್ಮ ಶಾಲೆಯ ಕೆಳಗಿನ ಅಂತಸ್ತು ಮತಗಟ್ಟೆಯಾಯಿತು. ನಿಮಗೆ ರಜೆ ದೊರೆಯಿತು, ನಮ್ಮಂಥ ಶಿಕ್ಷಕರಿಗೆ ಕೆಲಸ ದೊರೆಯಿತು. ಅದಕ್ಕೆ ಕೆಲವು ದಿನ ಮೊದಲು ನಾನು ಎಂಟನೆಯ ತರಗತಿಯಲ್ಲಿ ಪೌರನೀತಿಯ ಪಾಠ ಮಾಡುತ್ತ, "ಶಾಸಕರೆಂದರೆ ಯಾರು?" ಎಂದು ಕೇಳಿದೆನು. ಶಾಸನ ಮಾಡುವವರು ಎಂಬ ಪುಸ್ತಕದ ಉತ್ತರ ಒಬ್ಬರಿಂದಲೂ ಬರಲಿಲ್ಲ. ಬ್ಯಾನರಿನ ಮೇಲೆ ಕೈ ಮುಗಿದು ನಿಂತವರು ಎಂದನು ಒಬ್ಬ. ಮಳೆಗಾಲದಲ್ಲಿ ಛತ್ರಿ ಕೊಡುವವರು ಎಂದನು ಇನ್ನೊಬ್ಬ. ಎಲ್ಲರೂ ನಕ್ಕರು, ನಾನೂ ನಕ್ಕೆನು. ಆಗ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು, "ಸರ್, ನಿಮ್ಮ ಊರಿನ ಎಂ.ಎಲ್.ಎ. ನಿಮಗೆ ಏನು ಕೊಡ್ತಿದ್ರು?" ಎಂದು ಕೇಳಿದಳು. ಅಷ್ಟರಲ್ಲಿ ಗಂಟೆಯಾಯಿತು. ಗಂಟೆಯಾದುದು ಒಳ್ಳೆಯದೇ ಆಯಿತು. ಆ ಪ್ರಶ್ನೆಗೆ ಐದು ನಿಮಿಷದಲ್ಲಿ ಉತ್ತರ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ಅದನ್ನು ಈ ವಾರ್ಷಿಕ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ.

ನನ್ನ ಊರು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಹಿರಿಯರು ಗೇಣಿದಾರರು. ಗದ್ದೆ ಒಡೆಯರದು, ದುಡಿಮೆ ನಮ್ಮದು. ಸುಗ್ಗಿಯಲ್ಲಿ ಭತ್ತವನ್ನು ಕಣದಲ್ಲಿ ರಾಶಿ ಹಾಕಿ, ಒಡೆಯರ ಪಾಲನ್ನು ಅಳೆದು ಅವರ ಮನೆಗೆ ಮುಟ್ಟಿಸಿ, ಉಳಿದುದನ್ನು ಮನೆಗೆ ತರಬೇಕು. ಅಳೆಯುವ ಪಾತ್ರೆಗೆ ಕೊಳಗವೆಂದು ಹೆಸರು. ಇಪ್ಪತ್ತು ಕೊಳಗವಾದರೆ ಒಂದು ಖಂಡುಗ. ಇಲ್ಲಿಯೇ ಒಂದು ಗುಟ್ಟಿತ್ತು: ಗೇಣಿ ಅಳೆದುಕೊಳ್ಳುವಾಗ ಹೊರಬರುತ್ತಿದ್ದ ಕೊಳಗವು ನ್ಯಾಯವಾದ ಅಳತೆಗಿಂತ ದೊಡ್ಡದು. ನೀವು ಲೆಕ್ಕ ಬಲ್ಲವರು. ಕೊಳಗಕ್ಕೆ ಒಂದೇ ಒಂದು ಸೇರು ಹೆಚ್ಚು ಹಿಡಿದರೂ ಖಂಡುಗಕ್ಕೆ ಇಪ್ಪತ್ತು ಸೇರು ಹೋಯಿತು. ಹತ್ತು ಖಂಡುಗಕ್ಕೆ ಎಷ್ಟೆಂದು ನೀವೇ ಗುಣಿಸಿ ನೋಡಿರಿ. ನಮ್ಮ ಮುತ್ತಜ್ಜನಿಗೆ ಗುಣಿಸಲು ಬರುತ್ತಿರಲಿಲ್ಲ. ಆದರೆ ಆಷಾಢ ಬರುವುದಕ್ಕೆ ಮೊದಲೇ ಪಣತ ಬರಿದಾಗುವುದು ಮಾತ್ರ ಅವನಿಗೆ ಕಾಣುತ್ತಿತ್ತು. ಒಡೆಯರ ಅಂಗಳಕ್ಕೆ ಹೋಗುವಾಗ ಪಂಚೆಯನ್ನು ಮೊಣಕಾಲಿನಿಂದ ಕೆಳಗೆ ಬಿಡುವಂತಿರಲಿಲ್ಲವೆಂದು ಅಜ್ಜನು ಹೇಳುತ್ತಿದ್ದನು. ಭತ್ತದ ಕಥೆಗಿಂತ ಈ ಪಂಚೆಯ ಕಥೆಯನ್ನು ಹೇಳುವಾಗ ಅವನ ದನಿ ಹೆಚ್ಚು ಬದಲಾಗುತ್ತಿತ್ತು.

1951ನೆಯ ಇಸವಿಯಲ್ಲಿ ನಮಗೆ ಹತ್ತಿರದ ಕಾಗೋಡು ಎಂಬ ಗ್ರಾಮದ ಗೇಣಿದಾರರು, ನ್ಯಾಯವಾದ ಕೊಳಗದಲ್ಲಿಯೇ ಗೇಣಿ ಅಳೆಯುವೆವು ಎಂದು ಪಟ್ಟು ಹಿಡಿದರು. ಎಚ್. ಗಣಪತಿಯಪ್ಪನವರು ರೈತರನ್ನು ಮೊದಲೇ ಸಂಘಟಿಸಿದ್ದರು. ಒಡೆಯರು ಗದ್ದೆ ಬಿಡಿಸಲು ಹೊರಟರು. ರೈತರು ನೇಗಿಲು ಹೊತ್ತು ಅದೇ ಗದ್ದೆಗೆ ಇಳಿದರು. ಪೋಲೀಸರು ಹಿಡಿದು ಒಯ್ದರು. ಮರುದಿನ ಬೇರೆಯವರು ಇಳಿದರು. ಸಮಾಜವಾದಿ ಪಕ್ಷವು ಅವರ ಬೆನ್ನಿಗೆ ನಿಂತಿತು. ಡಾ. ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೆ ಒಳಗಾದರು. ನಮ್ಮ ಮುತ್ತಜ್ಜನೂ ಕೆಲವು ದಿನ ಸೆರೆಯಲ್ಲಿದ್ದನು. ಅವನು ಒಳಗಿದ್ದಾಗ ಮನೆಯಲ್ಲಿ ಹಲಸಿನ ಬೀಜ ಬೇಯಿಸಿ ತಿಂದೆವೆಂದು ಆಗ ಇಪ್ಪತ್ತು ವರ್ಷದವನಾಗಿದ್ದ ಅಜ್ಜನಿಗೆ ನೆನಪಿತ್ತು.

ಆ ಸತ್ಯಾಗ್ರಹದಲ್ಲಿ ಊರೂರು ತಿರುಗಿ ರೈತರಿಗೆ ಧೈರ್ಯ ಹೇಳಿದ ತರುಣರೇ ಶಾಂತವೇರಿ ಗೋಪಾಲಗೌಡರು. ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಬೆಳೆದವರು, 1923ರಲ್ಲಿ ಜನಿಸಿದವರು. 1942ರ ಚಲೇಜಾವ್ ಚಳವಳಿಯಲ್ಲಿ ವಿದ್ಯಾರ್ಥಿಯಾಗಿಯೇ ಸೆರೆಮನೆ ಕಂಡವರು. ಮನೆತನದ ಹಣವಿರಲಿಲ್ಲ, ಇದ್ದುದು ಮಾತು. ಅವರು ಮಾತನಾಡುತ್ತಿದ್ದರೆ ಬೆಂಕಿಯ ಹತ್ತಿರ ಕುಳಿತ ಹಾಗೆ ಆಗುತ್ತಿತ್ತೆಂದು ಅಜ್ಜನು ಹೇಳುತ್ತಿದ್ದನು. ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಇದು ಎಂಥ ಹೊಗಳಿಕೆಯೆಂದು ತಿಳಿದೀತು.

1952ರಲ್ಲಿ ಸ್ವತಂತ್ರ ಭಾರತದ ಮೊದಲ ಮಹಾ ಚುನಾವಣೆ ನಮ್ಮ ಕಡೆಗೂ ಬಂದಿತು. ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ನಿಂತರು. ಆಗಿನ ಮತದಾನ ಇಂದಿನಂತೆ ಗುಂಡಿ ಒತ್ತುವುದಾಗಿರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವರವರ ಗುರುತು. ಚೀಟಿಯನ್ನು ಬೇಕಾದವರ ಪೆಟ್ಟಿಗೆಗೆ ಹಾಕಿ ಬರುವುದು. ಸಮಾಜವಾದಿಗಳ ಗುರುತು ಮರ. ಇಪ್ಪತ್ತೊಂದು ತುಂಬದ ಅಜ್ಜನಿಗೆ ಮತವಿರಲಿಲ್ಲ. ಅವನು ಹೊರಗೆ ಕಾದು ನಿಂತನು. ಒಳಗೆ ಹೋದ ಮುತ್ತಜ್ಜನು ಬಹಳ ಹೊತ್ತಾದರೂ ಬರಲಿಲ್ಲವಂತೆ. ಒಡೆಯರು ಹೇಳಿದ ಗುರುತಿನ ಪೆಟ್ಟಿಗೆಯೂ ಅಲ್ಲಿಯೇ ಇತ್ತಷ್ಟೆ. ಕೊನೆಗೆ ಬಂದವನು ಏನೂ ಹೇಳದೆ ಪಂಚೆಯನ್ನು ಕೆಳಗೆ ಬಿಟ್ಟುಕೊಂಡು ಮನೆಯ ದಾರಿ ಹಿಡಿದನು.

"ನಿಮಗೆ ಏನು ಕೊಡ್ತಿದ್ರು" ಎಂದು ಕೇಳಿದಳಲ್ಲ, ಆ ಚುನಾವಣೆಯಲ್ಲಿ ಕೊಟ್ಟವರು ನಾವು. ಸಭೆಗಳಲ್ಲಿ ಟೋಪಿ ಹಿಡಿದು ಬಂದಾಗ ಮುತ್ತಜ್ಜನು ಎರಡಾಣೆ ಹಾಕಿದ್ದನು. ಅದನ್ನು ಅವನು ಸಾಯುವ ತನಕವೂ ಹೇಳಿಕೊಳ್ಳುತ್ತಿದ್ದನಂತೆ.

ಗೋಪಾಲಗೌಡರು ಗೆದ್ದರು. ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 74, ಸಮಾಜವಾದಿಗಳಿಗೆ ಕೇವಲ 3. ಇಷ್ಟು ಅಲ್ಪಸಂಖ್ಯೆಯವರು ಯಾವ ಶಾಸನವನ್ನು ಮಾಡಿಸಬಲ್ಲರು? ಮತ ಎಣಿಸಿದರೆ ಯಾವುದನ್ನೂ ಮಾಡಿಸಲಾರರು. ಆದರೆ ಸಭೆಯಲ್ಲಿ ಎದ್ದು ನಿಂತು ಹೇಳಬಲ್ಲರು. ಹೇಳಿದುದು ನಡವಳಿಯಲ್ಲಿ ದಾಖಲಾಗುತ್ತದೆ. ಕಣದಲ್ಲಿ ಬಾಯಿ ಬಿಡದ ಜನರ ಗೇಣಿಯ ಸಂಕಟವನ್ನು ಗೌಡರು ಬೆಂಗಳೂರಿಗೆ ಒಯ್ದು, ಮಂತ್ರಿಗಳ ಎದುರಿಗೆ ಇಟ್ಟರು. ಅದೂ ಇಂಗ್ಲಿಷಿಗೇ ಮರ್ಯಾದೆಯಿದ್ದ ಕಾಲದಲ್ಲಿ, ಕನ್ನಡದಲ್ಲಿ. ಆಡಳಿತದ ಭಾಷೆ ಕನ್ನಡವಾಗಬೇಕೆಂದು ಹಟ ಹಿಡಿದರು. ನಿಮ್ಮಲ್ಲಿ ಅನೇಕರ ಊರುಗಳಿರುವ ಬಿಜಾಪುರ, ಬೆಳಗಾವಿ, ಧಾರವಾಡ ಸೀಮೆಗಳು 1956ರ ವರೆಗೆ ಮುಂಬಯಿ ರಾಜ್ಯದಲ್ಲಿದ್ದು, ಅಲ್ಲಿನ ಶಾಸಕರು ಇದೇ ಮುಂಬಯಿಯ ಸಭೆಗೆ ಬರುತ್ತಿದ್ದರು. ಎಲ್ಲವೂ ಒಂದಾದ ಮೇಲೆಯೂ ರಾಜ್ಯದ ಹೆಸರು ಮೈಸೂರೆಂದೇ ಉಳಿಯಿತು. ಕರ್ನಾಟಕವೆಂದು ಕರೆಯಿರಿ ಎಂದು ಸಭೆಯಲ್ಲಿ ಒತ್ತಾಯಿಸಿದವರಲ್ಲಿ ಗೌಡರು ಮುಖ್ಯರು.

ಅವರು 1957ರಲ್ಲಿ ಸೋತರು. 1962ರಲ್ಲಿಯೂ 1967ರಲ್ಲಿಯೂ ತೀರ್ಥಹಳ್ಳಿಯಿಂದ ಗೆದ್ದು ಬಂದರು. ಮಂತ್ರಿಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ಕಾವ್ಯ ಸಂಗೀತಗಳಲ್ಲಿ ಆಸಕ್ತಿಯಿದ್ದವರು. ಕವಿ ಗೋಪಾಲಕೃಷ್ಣ ಅಡಿಗರ ಸ್ನೇಹಿತರು. ಅವರ ಸಿಟ್ಟು ಮಾತ್ರ ಪ್ರಸಿದ್ಧವಾದುದು. ತರಗತಿಯಲ್ಲಿ ಕೈ ಎತ್ತದೆ ಮಾತನಾಡಬಾರದೆಂದು ದಿನವೂ ಹೇಳುವ ನನ್ನಂಥವನಿಗೆ ಆ ಸಿಟ್ಟನ್ನು ಪೂರ್ತಿಯಾಗಿ ಮೆಚ್ಚುವುದು ಕಷ್ಟ. ಅಜ್ಜನಿಗೆ ಈ ಕಷ್ಟವಿರಲಿಲ್ಲ. ಮೇಲಿನ ತರಗತಿಗಳ ವಿದ್ಯಾರ್ಥಿಗಳು ಯು. ಆರ್. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿಯನ್ನು ಓದಬಹುದು. ಅದರ ನಾಯಕನ ಹಿಂದೆ ಗೋಪಾಲಗೌಡರ ಬದುಕಿನ ನೆರಳಿದೆ.

1972ನೆಯ ಜೂನ್ ತಿಂಗಳಲ್ಲಿ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಗೋಪಾಲಗೌಡರು ತೀರಿಕೊಂಡರು. ಮರುವರ್ಷದ ನವೆಂಬರ್ ಒಂದರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. 1974ರಲ್ಲಿ ದೇವರಾಜ ಅರಸರ ಸರ್ಕಾರವು ಭೂಸುಧಾರಣೆಯ ಕಾನೂನನ್ನು ತಿದ್ದಿ ಗೇಣಿ ಪದ್ಧತಿಯನ್ನೇ ಕೊನೆಗೊಳಿಸಿತು. ಏಳನೆಯ ನಮೂನೆಯ ಅರ್ಜಿ ತುಂಬಿ, ಭೂನ್ಯಾಯಮಂಡಳಿಯ ಮುಂದೆ ನಿಂತು, ಅಜ್ಜನು ಎರಡು ಎಕರೆ ಗದ್ದೆಗೆ ಯಜಮಾನನಾದನು. ನಾನು ಡಿ.ಎಡ್. ಓದುತ್ತಿದ್ದಾಗ ಪಾಂಡಿತ್ಯ ತೋರಿಸಲೆಂದು, "ಅಜ್ಜಾ, ಅದು ಅರಸರ ಕಾನೂನು, ಗೌಡರದಲ್ಲ" ಎಂದಿದ್ದೆನು. ಅವನು ಕವಳ ಉಗಿದು ಬಂದು ಹೇಳಿದನು: "ಅರಸು ಕೊಟ್ರು, ನಾನೂ ಇಲ್ಲ ಅನ್ನದಿಲ್ಲ. ಕೇಳಿದ್ದು ಯಾರು, ಹೇಳು ತಮಾ?"

ಇನ್ನೊಂದು ಸಂಗತಿಯನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆನು; ಬರೆಯದಿದ್ದರೆ ಇಷ್ಟು ಬರೆದುದಕ್ಕೆ ಅರ್ಥವಿರಲಾರದು. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದ ನನಗೆ ಮುಂಬಯಿಯಲ್ಲಿ ಕನ್ನಡವೇ ಅನ್ನ ಕೊಟ್ಟಿತು, ಮನೆಯನ್ನು ಕೊಡಲಿಲ್ಲ. 2018ರಲ್ಲಿ ಡೊಂಬಿವಲಿಯಲ್ಲಿ ಒಂದು ಕೋಣೆ ಕೊಳ್ಳುವ ಅವಕಾಶ ಒದಗಿತು. ಊರಿಗೆ ಹೋಗಿ, ನನ್ನ ಪಾಲಿನ ಗದ್ದೆಯನ್ನು ಮಾರಿಬಿಡೋಣವೆಂದೆನು. ಅಪ್ಪನೂ ಅಣ್ಣನೂ ಸುಮ್ಮನಿದ್ದರು. ಎಂಬತ್ತೇಳು ವರ್ಷದ ಅಜ್ಜನು ಗೋಡೆಗೆ ಒರಗಿ ಕುಳಿತಿದ್ದನು. ಬೈಯುವನೆಂದುಕೊಂಡೆನು, ಬೈಯಲಿಲ್ಲ. "ನಿನ್ನ ಪಾಲು ನಿಂದು, ಮಾರು. ಮಕ್ಕಳು ಮರಿ ನೆರಳಿಗೆ ಬರ್ಲಿ" ಎಂದನು. ಸ್ವಲ್ಪ ಹೊತ್ತು ಬಿಟ್ಟು, "ಅವ್ರು ಬಂದು ಅಳೀತಾರಲ್ಲ, ಆಗ ಮಾತ್ರ ನನ್ನ ಕರೀಬೇಡ" ಎಂದನು.

ನಾನು ಮಾರಲಿಲ್ಲ. ಅದು ಸರಿಯಾಯಿತೆಂದು ಇಂದಿಗೂ ಖಂಡಿತವಾಗಿ ಹೇಳಲಾರೆ. ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆಯ ಕರಾರು ಮುಗಿದು ಪಾತ್ರೆಪಡಗ ಕಟ್ಟುವಾಗ ನನ್ನ ಹೆಂಡತಿಯು ಏನೂ ಹೇಳುವುದಿಲ್ಲ; ಹೇಳಿದ್ದರೆ ಸುಲಭವಾಗುತ್ತಿತ್ತು. ಗದ್ದೆಯನ್ನು ಅಣ್ಣನು ಮಾಡುತ್ತಿದ್ದಾನೆ. ಅರ್ಧಕ್ಕೆ ಅಡಿಕೆ ಹಾಕಿದ್ದಾನೆ. ಅಜ್ಜನು 2021ರ ಮಳೆಗಾಲದಲ್ಲಿ ಹೋದನು.

ಚುನಾವಣೆಯ ದಿನ ನಾನು ಮತಗಟ್ಟೆಯಲ್ಲಿ ಬೆರಳಿಗೆ ಶಾಯಿ ಹಚ್ಚುವ ಕೆಲಸದಲ್ಲಿದ್ದೆನು. ಮಧ್ಯಾಹ್ನದ ಹೊತ್ತಿಗೆ ಮೀನು ಮಾರುವ ಒಬ್ಬ ಮುದುಕಿ ಬಂದು, ಶಾಯಿ ಹಚ್ಚಿಸಿಕೊಂಡು, ಯಂತ್ರದ ಮರೆಗೆ ಹೋಗಿ ಬಹಳ ಹೊತ್ತು ನಿಂತಳು. ಸಾಲಿನಲ್ಲಿದ್ದವರು ಗೊಣಗಿದರು. ನಮ್ಮ ಅಧಿಕಾರಿಯು ನನ್ನ ಕಡೆ ನೋಡಿ, ಅವಸರ ಮಾಡಲು ಹೇಳೆಂದು ಸನ್ನೆ ಮಾಡಿದನು. ನಾನು ಕಾಣದವನಂತೆ ಶಾಯಿಯ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ ಕುಳಿತೆನು.

ಪ್ರಶ್ನೆ ಕೇಳಿದ ಹುಡುಗಿ ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಇದನ್ನು ಓದಿದ ಮೇಲೆ ಕೊಳಗವೆಂದರೆ ಎಷ್ಟು ದೊಡ್ಡದೆಂದು ಅವಳು ಕೇಳದೆ ಬಿಡುವವಳಲ್ಲ. ನಮ್ಮ ಮನೆಯ ಅಟ್ಟದ ಮೇಲೆ ಹಳೆಯದೊಂದು ಇದೆ. ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ತೆಗೆದುಕೊಂಡು ಬರುವೆನು.